ಅಣಬೆಯ ಭರವಸೆ, ಮನೆಯ ಮೌನ: ಒಂದು ಸೈಕೆಡೆಲಿಕ್ ಸಮಾವೇಶವನ್ನು ಕಂಡ ಮೇಲೆ

2023ರ ಮಾರ್ಚ್ ತಿಂಗಳಿನ ಒಂದು ರಾತ್ರಿ ಮಸ್ಕತ್‌ನಲ್ಲಿರುವ ನನ್ನ ಮನೆಗೆ ಅಮೆರಿಕದಿಂದ ಕರೆ ಬಂದಿತು. ಕರೆ ಮಾಡಿದವನು ನಮಗೆ ಆಪ್ತವಾದ ಕನ್ನಡ ಕುಟುಂಬವೊಂದರ ಮಗ. ಒಮಾನಿನಲ್ಲಿ ಹುಟ್ಟಿ, ಇಲ್ಲಿಯ ಭಾರತೀಯ ಶಾಲೆಯಲ್ಲಿ ಓದಿ, ಈಗ ಅಲ್ಲಿ ಇಂಜಿನಿಯರ್ ಆಗಿರುವವನು. ಅವನ ತಾಯಿ ಎರಡು ವರ್ಷಗಳಿಂದ ತೀವ್ರ ಖಿನ್ನತೆಯಲ್ಲಿದ್ದರು.

"ಅಂಕಲ್, ಅಮ್ಮನಿಗೆ ಎರಡು ಬಗೆಯ ಮಾತ್ರೆ ಕೊಟ್ಟು ನೋಡಿದ್ದಾಯಿತು. ಏನೂ ಆಗಲಿಲ್ಲ. ಇಲ್ಲಿ ಅಣಬೆಯ ಕ್ಯಾಪ್ಸೂಲ್ ಸಿಗುತ್ತದೆ. ವಿಟಮಿನ್ ಡಬ್ಬಿಯಲ್ಲಿ ತಂದರೆ ಯಾರಿಗೂ ತಿಳಿಯುವುದಿಲ್ಲ. ನೀವು ಒಂದು ದಿನ ಜೊತೆಗಿದ್ದು ನೋಡಿಕೊಂಡರೆ ಸಾಕು."

ಬೇಡವೆಂದು ಕಟುವಾಗಿಯೇ ಹೇಳಿದೆ. ಆಗ ಅವನು ಕೇಳಿದ: "ಇದರ ಬಗ್ಗೆ ನೀವು ಓದಿದ್ದೀರಾ?" ನಾನು ಓದಿರಲಿಲ್ಲ. ಮೂವತ್ತು ವರ್ಷ ವೈದ್ಯವೃತ್ತಿಯಲ್ಲಿದ್ದೂ ಈ ವಿಷಯವನ್ನು ಪೊಲೀಸರ ವಿಷಯವೆಂದೇ ಬದಿಗಿಟ್ಟಿದ್ದೆ. ಅದೇ ಜೂನ್‌ನಲ್ಲಿ ಕೊಲರಾಡೊ ರಾಜ್ಯದಲ್ಲಿರುವ ತಂಗಿಯ ಮನೆಗೆ ರಜೆಯಲ್ಲಿ ಹೋಗುವವನಿದ್ದೆ. ಡೆನ್ವರ್ ನಗರದಲ್ಲಿ ಈ ದ್ರವ್ಯಗಳ ಕುರಿತೇ ಒಂದು ದೊಡ್ಡ ಸಮಾವೇಶ ನಡೆಯಲಿದೆಯೆಂದು ತಿಳಿದು ಹೆಸರು ನೋಂದಾಯಿಸಿಕೊಂಡೆ. ಅಲ್ಲಿ ಕಂಡದ್ದನ್ನೂ, ಅದನ್ನು ಒಮಾನಿನಲ್ಲಿ ಕುಳಿತು ಯೋಚಿಸಿದ್ದನ್ನೂ, ಕೊನೆಗೆ ಆ ತಾಯಿಯ ವಿಷಯ ಏನಾಯಿತೆಂಬುದನ್ನೂ ಅವರ ಕುಟುಂಬದ ಒಪ್ಪಿಗೆಯಿಂದ, ಗುರುತು ಸಿಗದಂತೆ, ಇಲ್ಲಿ ಬರೆಯುತ್ತಿದ್ದೇನೆ. ನಾನು ಮನೋವೈದ್ಯನಲ್ಲ, ಸಾಮಾನ್ಯ ವೈದ್ಯ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಮೊದಲು ಕಾನೂನು

ಒಮಾನಿನಲ್ಲಿ ಮಾದಕ ಹಾಗೂ ಮನೋಪರಿಣಾಮಿ ವಸ್ತುಗಳ ಕಾನೂನಿಗೆ ಆಧಾರ 1999ರಲ್ಲಿ ಹೊರಟ 17/99ನೆಯ ರಾಜಾಜ್ಞೆ. ಇಂತಹ ವಸ್ತುವನ್ನು ತರುವುದು, ಇಟ್ಟುಕೊಳ್ಳುವುದು, ಸೇವಿಸುವುದು ಎಲ್ಲವೂ ಅಪರಾಧ. ವಿದೇಶೀಯನಿಗೆ ಸೆರೆವಾಸದ ಜೊತೆಗೆ ಗಡೀಪಾರಿನ ಭಯವೂ ಉಂಟು. ತಾಯಿಯ ಮೇಲಿನ ಪ್ರೀತಿಯಿಂದ ತಂದೆನೆಂಬುದು ವಿಮಾನ ನಿಲ್ದಾಣದಲ್ಲಿ ಸಮಜಾಯಿಷಿಯಾಗದು. ಭಾರತದಲ್ಲಿಯೂ 1985ರ ಮಾದಕವಸ್ತು ಕಾಯಿದೆ ಕಠಿಣವಾದುದೇ. ಎಲ್‌ಎಸ್‌ಡಿಯ ವಿಷಯದಲ್ಲಿ ಕೇವಲ 0.1 ಗ್ರಾಂ ಅನ್ನು ವಾಣಿಜ್ಯ ಪ್ರಮಾಣವೆಂದು ಪರಿಗಣಿಸುತ್ತಾರೆ. ಅದಕ್ಕೆ ಕನಿಷ್ಠ 10 ವರ್ಷಗಳ ಕಠಿಣ ಶಿಕ್ಷೆಯಿದೆ. ಮಕ್ಕಳನ್ನು ಪರದೇಶಕ್ಕೆ ಕಳುಹಿಸಿರುವ ನಮ್ಮಂತಹ ತಂದೆತಾಯಿಗಳು ಈ ಒಂದು ಸಂಗತಿಯನ್ನಾದರೂ ಮನೆಯಲ್ಲಿ ಬಾಯಿಬಿಟ್ಟು ಹೇಳಬೇಕು. ಅಮೆರಿಕದ ಒಂದು ರಾಜ್ಯದಲ್ಲಿ ತಪ್ಪಲ್ಲದ್ದು ಮಸ್ಕತ್‌ನಲ್ಲಿ ಬದುಕನ್ನೇ ಮುಳುಗಿಸಬಹುದು.

ಯಾವ ದ್ರವ್ಯಗಳಿವು?

'ಸೈಕೆಡೆಲಿಕ್' ಎಂಬ ಪದವನ್ನು ಟಂಕಿಸಿದವರು ಕೆನಡಾದಲ್ಲಿ ಕೆಲಸ ಮಾಡುತ್ತಿದ್ದ ಬ್ರಿಟಿಷ್ ಮನೋವೈದ್ಯ ಹಂಫ್ರಿ ಆಸ್ಮಂಡ್. ಲೇಖಕ ಆಲ್ಡಸ್ ಹಕ್ಸ್‌ಲಿಯವರೊಡನೆ 1956ರಲ್ಲಿ ನಡೆದ ಪತ್ರವ್ಯವಹಾರದಲ್ಲಿ ಅದು ಮೂಡಿತು. ಗ್ರೀಕ್ ಮೂಲದ ಆ ಪದಕ್ಕೆ 'ಮನಸ್ಸನ್ನು ತೋರಗೊಡುವುದು' ಎಂಬ ಅರ್ಥ. ಈ ಗುಂಪಿನಲ್ಲಿ ಮುಖ್ಯವಾದುವು ಎಲ್‌ಎಸ್‌ಡಿ, ಕೆಲವು ಅಣಬೆಗಳಲ್ಲಿರುವ ಸೈಲೋಸೈಬಿನ್, ಮೆಸ್ಕಲಿನ್ ಮೊದಲಾದುವು. ಎಂಡಿಎಂಎ ಸ್ವಲ್ಪ ಬೇರೆ ಜಾತಿಯದಾದರೂ ಚರ್ಚೆಯಲ್ಲಿ ಇವುಗಳ ಜೊತೆಗೇ ಬರುತ್ತದೆ.

ನಮ್ಮ ಊರಿನ ಉಮ್ಮತ್ತದ ಕಾಯಿ ಈ ಗುಂಪಿಗೆ ಸೇರಿದ್ದಲ್ಲ. ಕರ್ನಾಟಕದಲ್ಲಿ ಕಿರಿಯ ವೈದ್ಯನಾಗಿದ್ದಾಗ ಉಮ್ಮತ್ತ ತಿಂದವರನ್ನು ತುರ್ತು ವಿಭಾಗದಲ್ಲಿ ಕಂಡಿದ್ದೇನೆ: ಒಣಗಿದ ಬಾಯಿ, ಹಿಗ್ಗಿದ ಕಣ್ಣಪಾಪೆ, ಗಾಳಿಯಲ್ಲಿ ಏನನ್ನೋ ಹಿಡಿಯುವ ಕೈ, ಮರುದಿನ ಏನೂ ನೆನಪಿಲ್ಲ. ಅದು ಬುದ್ಧಿ ಕಲಕುವ ವಿಷ, ಜೀವಕ್ಕೂ ಅಪಾಯ. ಸೈಲೋಸೈಬಿನ್ ಸೇವಿಸಿದವನಿಗಾದರೋ ಸಾಮಾನ್ಯವಾಗಿ ಎಚ್ಚರವಿರುತ್ತದೆ, ನೆನಪೂ ಉಳಿಯುತ್ತದೆ. ಆ ನೆನಪೇ ಚಿಕಿತ್ಸೆಯ ಸಾಮಗ್ರಿಯಾಗುತ್ತದೆಂಬುದು ಈ ಪಂಥದ ವಾದ.

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಎಲ್‌ಎಸ್‌ಡಿ ತಯಾರಿಸಿದರು; ಮನಸ್ಸಿನ ಮೇಲೆ ಅದರ ಪರಿಣಾಮ ತಿಳಿದದ್ದು 1943ರ ಏಪ್ರಿಲ್‌ನಲ್ಲಿ. ಅಣಬೆಯ ಕಥೆಯಾದರೋ ಪ್ರಯೋಗಾಲಯದಲ್ಲಿ ಆರಂಭವಾಗಲಿಲ್ಲ. ಮೆಕ್ಸಿಕೋದ ಮಸಾಟೆಕ್ ಜನರಲ್ಲಿ ರೋಗಿಯ ಸಲುವಾಗಿ ರಾತ್ರಿಯಿಡೀ ನಡೆಯುವ ಆರಾಧನೆಯಲ್ಲಿ ಅಣಬೆಯ ಬಳಕೆಯಿತ್ತು. ಹುವಾಟ್ಲಾ ಎಂಬ ಊರಿನ ಮರಿಯಾ ಸಬೀನಾ ಎಂಬ ವೈದ್ಯೆ 1955ರಲ್ಲಿ ಅಮೆರಿಕದ ಬ್ಯಾಂಕ್ ಅಧಿಕಾರಿ ಗಾರ್ಡನ್ ವಾಸನ್‌ರನ್ನು ಅಂತಹ ಆರಾಧನೆಗೆ ಸೇರಿಸಿಕೊಂಡರು. 1957ರಲ್ಲಿ ವಾಸನ್ 'ಲೈಫ್' ಪತ್ರಿಕೆಯಲ್ಲಿ ಬರೆದ ಮೇಲೆ ಆ ಬೆಟ್ಟದೂರಿಗೆ ಪರದೇಶೀಯರು ಮುಗಿಬಿದ್ದರು. ಊರಿನವರ ಸಿಟ್ಟು ಸಬೀನಾರ ಮೇಲೆ ತಿರುಗಿತು. ಅವರ ಮನೆಯನ್ನು ಸುಟ್ಟುಹಾಕಿದರು. 1958ರಲ್ಲಿ ಹಾಫ್‌ಮನ್ ಅಣಬೆಯಿಂದ ಸೈಲೋಸೈಬಿನ್ ಅನ್ನು ಬೇರ್ಪಡಿಸಿದರು. ಸಾರ ಪ್ರಯೋಗಾಲಯಕ್ಕೆ ಬಂತು. ರಾತ್ರಿಯಿಡೀ ರೋಗಿಯ ಸುತ್ತ ಕೂರುತ್ತಿದ್ದ ಜನ ಬೆಟ್ಟದಲ್ಲೇ ಉಳಿದರು. 1971ರ ವಿಶ್ವಸಂಸ್ಥೆಯ ಒಪ್ಪಂದವು ಇವನ್ನು ಅತ್ಯಂತ ಕಠಿಣ ನಿಯಂತ್ರಣದ ಮೊದಲ ಪಟ್ಟಿಗೆ ಸೇರಿಸಿದ ಮೇಲೆ ಸಂಶೋಧನೆಯೂ ಬಹುಪಾಲು ನಿಂತುಹೋಯಿತು. ಅದಕ್ಕೆ ಮತ್ತೆ ಮರ್ಯಾದೆ ತಂದುಕೊಟ್ಟದ್ದು 2006ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರೋಲೆಂಡ್ ಗ್ರಿಫಿತ್ಸ್ ತಂಡವು 36 ಸ್ವಯಂಸೇವಕರ ಮೇಲೆ ನಡೆಸಿ ಪ್ರಕಟಿಸಿದ ಅಧ್ಯಯನ.

ಡೆನ್ವರ್‌ನ ಐದು ದಿನ

ಸಮಾವೇಶ ನಡೆದದ್ದು 2023ರ ಜೂನ್ 19ರಿಂದ 23ರವರೆಗೆ. ಸಂಘಟಿಸಿದ್ದು ರಿಕ್ ಡಾಬ್ಲಿನ್ 1986ರಲ್ಲಿ ಸ್ಥಾಪಿಸಿದ ಮ್ಯಾಪ್ಸ್ ಸಂಸ್ಥೆ. ಬಂದವರು 12,000ಕ್ಕೂ ಹೆಚ್ಚು. ಅದಕ್ಕೆ ಏಳು ತಿಂಗಳ ಹಿಂದೆಯಷ್ಟೇ ಕೊಲರಾಡೊದ ಮತದಾರರು ಅಣಬೆಯ ನಿಯಂತ್ರಿತ ಬಳಕೆಗೆ ಒಪ್ಪಿಗೆ ಕೊಟ್ಟಿದ್ದರು. ಒರೆಗಾನ್ ರಾಜ್ಯದ ಜನ 2020ರಲ್ಲಿಯೇ ಕೊಟ್ಟಿದ್ದರು. ಡೆಮಾಕ್ರಟಿಕ್ ಪಕ್ಷದ ಕೊಲರಾಡೊ ಗವರ್ನರ್ ಜೇರೆಡ್ ಪೋಲಿಸ್, ರಿಪಬ್ಲಿಕನ್ ಪಕ್ಷದ ಟೆಕ್ಸಾಸ್‌ನ ಮಾಜಿ ಗವರ್ನರ್ ರಿಕ್ ಪೆರಿ ಇಬ್ಬರೂ ಮಾತನಾಡಿದರು. ಯುದ್ಧದಿಂದ ಮರಳಿದ ಸೈನಿಕರ ನಿದ್ರೆಯಿಲ್ಲದ ರಾತ್ರಿಗಳ ಮುಂದೆ ಆ ದೇಶದ ಪಕ್ಷಭೇದವೂ ಸಡಿಲುವುದನ್ನು ಕಂಡೆ.

ನಾನು ಯಾವ ದ್ರವ್ಯವನ್ನೂ ಸೇವಿಸಲಿಲ್ಲ. ಸೇವಿಸುವ ಮನಸ್ಸೂ ಆಗಲಿಲ್ಲ. ಬಿಳಿ ಅಂಗಿಯ ವೈದ್ಯರು, ಬಂಡವಾಳ ಹೂಡುವವರು, ಹಚ್ಚೆ ಹಾಕಿಸಿಕೊಂಡ ಯುವಕರು, ನನ್ನ ವಯಸ್ಸಿನ ಗೃಹಿಣಿಯರು, ಎಲ್ಲರೂ ಒಂದೇ ಸಾಲಿನಲ್ಲಿ ಕಾಫಿಗೆ ನಿಂತಿದ್ದರು. ಮೊದಲ ದಿನ ನನಗೆ ಅದು ಜಾತ್ರೆಯಂತೆ ತೋರಿತು. ಅಷ್ಟೇ ಮಾರಾಟ, ಅಷ್ಟೇ ಅತಿಶಯೋಕ್ತಿ. ಮೂರನೆಯ ದಿನದ ಹೊತ್ತಿಗೆ ನನ್ನ ಗಮನ ಬೇರೆಡೆಗೆ ಹೋಯಿತು. ಅಲ್ಲಿಯ ಜನ ತಮ್ಮ ಮನೋವ್ಯಾಧಿಯ ಬಗ್ಗೆ, ತಂದೆಯ ಕುಡಿತದ ಬಗ್ಗೆ, ಆತ್ಮಹತ್ಯೆಗೆ ಯತ್ನಿಸಿದ ಬಗ್ಗೆ ಅಪರಿಚಿತರೊಡನೆ ಧ್ವನಿ ತಗ್ಗಿಸದೆ ಮಾತನಾಡುತ್ತಿದ್ದರು. ಕೇಳುವವರು ಉಪದೇಶ ಮಾಡುತ್ತಿರಲಿಲ್ಲ. ಮಸ್ಕತ್‌ನ ನಮ್ಮ ಹಬ್ಬದೂಟಗಳಲ್ಲಿ ಮಕ್ಕಳ ಅಂಕಪಟ್ಟಿ, ಊರಿನಲ್ಲಿ ಕೊಂಡ ನಿವೇಶನ ಇವುಗಳ ಮಾತು ಎಷ್ಟು ಸರಾಗವೋ ಅಷ್ಟು ಸರಾಗವಾಗಿ ಇಲ್ಲಿ ನೋವಿನ ಮಾತು ಹರಿಯುತ್ತಿತ್ತು.

ಕೊನೆಯ ದಿನ ಡಾಬ್ಲಿನ್‌ರ ಸಮಾರೋಪ ಭಾಷಣವನ್ನು ಮೂಲನಿವಾಸಿಗಳ ಪರವಾದ ಪ್ರತಿಭಟನಾಕಾರರು ತಡೆದರು. ನಮ್ಮ ಪರಂಪರೆಯನ್ನು ಕೊಂಡೊಯ್ದು ವ್ಯಾಪಾರ ಮಾಡುತ್ತಿದ್ದೀರಿ ಎಂಬುದು ಅವರ ಆಕ್ಷೇಪದ ತಿರುಳು. ಮರಿಯಾ ಸಬೀನಾರ ಸುಟ್ಟ ಮನೆಯ ಕಥೆ ನನಗೆ ಆಗ ನೆನಪಾಯಿತು.

ಸೂರ್‌ನ ಅಂಗಳ

ಅದರ ಜೊತೆಗೇ ನೆನಪಾದದ್ದು ಒಮಾನಿನ ಸೂರ್. ಈ ದೇಶಕ್ಕೆ ಬಂದ ಮೊದಲ ವರ್ಷಗಳಲ್ಲಿ ನಾನು ಆ ಕಡಲತೀರದ ಊರಿನಲ್ಲಿ ಕೆಲಸ ಮಾಡಿದೆ. ಮರದ ಹಡಗುಗಳನ್ನು ಕಟ್ಟುವುದಕ್ಕೆ ಹೆಸರಾದ ಊರು. ಝಾಂಜಿಬಾರ್ ಮತ್ತು ಪೂರ್ವ ಆಫ್ರಿಕದ ತೀರದೊಡನೆ ಅದಕ್ಕೆ ಹಳೆಯ ಸಂಬಂಧ. ಆ ಸಂಬಂಧದ ದಾರಿಯಲ್ಲಿ ವಾದ್ಯಗಳೂ ಕುಣಿತಗಳೂ ಬಂದವು. 'ಝಾರ್' ಎಂಬ ಆಚರಣೆ ಇಥಿಯೋಪಿಯಾ, ಸುಡಾನ್, ಈಜಿಪ್ಟ್‌ಗಳಲ್ಲಿರುವಂತೆ ಒಮಾನಿನಲ್ಲಿಯೂ ಇದೆ. ವ್ಯಕ್ತಿಯನ್ನು ಹಿಡಿದ ಚೇತನಕ್ಕೂ ಅದನ್ನು ಸಂತೈಸುವ ಕೂಟಕ್ಕೂ ಅದೇ ಹೆಸರು. ಧರ್ಮಪಂಡಿತರು ಇದನ್ನು ಒಪ್ಪುವುದಿಲ್ಲ; ಆದ್ದರಿಂದ ಮನೆಯವರು ಇದನ್ನು ಸಾರಿ ಹೇಳುವುದೂ ಇಲ್ಲ.

ನನ್ನ ರೋಗಿಯೊಬ್ಬಳ ಅಣ್ಣ ಒಮ್ಮೆ ನನ್ನನ್ನು ಕರೆದೊಯ್ದ. ಆಕೆ ತಿಂಗಳುಗಟ್ಟಲೆ ಎದೆನೋವೆಂದು ಬರುತ್ತಿದ್ದಳು. ಪರೀಕ್ಷೆಗಳಲ್ಲಿ ಏನೂ ಕಾಣುತ್ತಿರಲಿಲ್ಲ. ಅಂಗಳದ ಅಂಚಿನಲ್ಲಿ ಗಂಡಸರ ಜೊತೆ ನನಗೆ ಜಾಗ ಕೊಟ್ಟರು. ಲೋಬಾನದ ಹೊಗೆ, ಬಿಡದೆ ಬಡಿಯುವ ತಮಟೆ, ಬಟ್ಟೆ ಹೊದಿಸಿ ಕೂರಿಸಿದ ಆಕೆ. ನಡುರಾತ್ರಿಯ ಹೊತ್ತಿಗೆ ಆಕೆ ತೂಗಾಡಿ, ಬೇರೊಂದು ದನಿಯಲ್ಲಿ ಮಾತನಾಡತೊಡಗಿದಳು. ಅರಬ್ಬಿ ನನಗೆ ಆಗ ಅಷ್ಟಾಗಿ ಬರುತ್ತಿರಲಿಲ್ಲ. ಅಣ್ಣ ತಗ್ಗಿದ ದನಿಯಲ್ಲಿ ಹೇಳಿದ: ಗಂಡ ಇನ್ನೊಂದು ಮದುವೆ ಮಾಡಿಕೊಂಡದ್ದರ ಬಗ್ಗೆ ಚೇತನ ಸಿಟ್ಟಾಗಿದೆ, ಆಕೆಗೊಂದು ಬೇರೆ ಕೋಣೆ, ಹೊಸ ಬಟ್ಟೆ, ಬೆಳ್ಳಿಯ ಬಳೆ ಕೇಳುತ್ತಿದೆ. ಗಂಡ ಅಲ್ಲಿಯೇ ಕುಳಿತು ಎಲ್ಲವನ್ನೂ ಕೇಳಿಸಿಕೊಂಡ, ಒಪ್ಪಿಕೊಂಡ.

ಝಾರ್‌ನಲ್ಲಿ ಚೇತನವನ್ನು ಓಡಿಸುವುದಿಲ್ಲ. ಅದರೊಡನೆ ಒಪ್ಪಂದ ಮಾಡಿಕೊಳ್ಳುತ್ತಾರೆ. ಆಕೆ ಮುಂದೆಯೂ ಆ ಬಳಗಕ್ಕೆ ಸೇರಿದವಳು. ನಾನು ದಕ್ಷಿಣ ಕನ್ನಡದವನು. ದೈವದ ನುಡಿಗಟ್ಟಿಗೆ ಕುಟುಂಬವೆಲ್ಲ ತಲೆಬಾಗಿ ನಿಂತು, ವರ್ಷಗಳಿಂದ ಮಾತು ಬಿಟ್ಟ ದಾಯಾದಿಗಳು ಒಂದೇ ಅಂಗಳದಲ್ಲಿ ಉತ್ತರ ಕೊಡಬೇಕಾಗಿ ಬರುವುದನ್ನು ಬಾಲ್ಯದಿಂದಲೂ ಕಂಡವನು. ಆದ್ದರಿಂದ ಆ ರಾತ್ರಿ ನನಗೆ ತೀರ ವಿಚಿತ್ರವೆನಿಸಲಿಲ್ಲ. ಅಮೆರಿಕದ ಮನೋವೈದ್ಯರ ರೋಗವರ್ಗೀಕರಣ ಕೈಪಿಡಿ 1994ರ ಆವೃತ್ತಿಯಲ್ಲಿ ಝಾರ್ ಅನ್ನು ಸಂಸ್ಕೃತಿಬದ್ಧ ಲಕ್ಷಣಕೂಟಗಳ ಪಟ್ಟಿಯಲ್ಲಿ ಸೇರಿಸಿತು. 2001ರಲ್ಲಿ ಒಮಾನಿನವರೇ ಆದ ಸಂಶೋಧಕ ಸಮೀರ್ ಅಲ್ ಅದಾವಿ ಮತ್ತು ಸಂಗಡಿಗರು ಝಾರ್ ಅನ್ನು ಗುಂಪಿನ ಸಂಕಟ ಹಾಗೂ ಉಪಶಮನ ಎಂಬ ಶೀರ್ಷಿಕೆಯಡಿಯಲ್ಲಿ ವಿವೇಚಿಸಿದರು. ಎರಡನೆಯ ನೋಟವೇ ನಾನು ಕಂಡದ್ದಕ್ಕೆ ಹತ್ತಿರವಾದುದು.

ಇದನ್ನು ಹೊಗಳಿಕೆಯೆಂದು ತಿಳಿಯಬಾರದು. ಇಂತಹ ಕೂಟಗಳ ಖರ್ಚಿಗೆ ಸಾಲ ಮಾಡಿದವರನ್ನು ಬಲ್ಲೆ. ಇವುಗಳ ನಡುವೆ ಮೂರ್ಛೆರೋಗದ ಮಾತ್ರೆ ನಿಲ್ಲಿಸಿ ಹದಗೆಟ್ಟವರನ್ನೂ ನೋಡಿದ್ದೇನೆ. ಆದರೆ ಆಕೆಯ ಎದೆನೋವು ಕಡಿಮೆಯಾದದ್ದು ನಿಜ. ಆ ಅಂಗಳದಲ್ಲಿ ಯಾವ ಅಣಬೆಯೂ ಇರಲಿಲ್ಲ.

ಅಂಕಿಗಳು ಹೇಳುವುದು

ಹಾಗಾದರೆ ದ್ರವ್ಯಕ್ಕೆ ಗುಣವಿಲ್ಲವೇ? ಉಂಟೆಂದೇ ಕಾಣುತ್ತದೆ. ಸೈಲೋಸೈಬಿನ್ ಕುರಿತ ಮುಖ್ಯ ಅಧ್ಯಯನವೊಂದು 2022ರ ನವೆಂಬರ್‌ನಲ್ಲಿ ಪ್ರಕಟವಾಯಿತು. ಔಷಧಗಳಿಗೆ ಬಗ್ಗದ ಖಿನ್ನತೆಯ 233 ಮಂದಿಯನ್ನು ಮೂರು ಗುಂಪು ಮಾಡಿ 25, 10 ಹಾಗೂ 1 ಮಿಲಿಗ್ರಾಂ ಒಮ್ಮೆ ಮಾತ್ರ ಕೊಟ್ಟರು. ಮೂರು ವಾರಗಳ ನಂತರ 25 ಮಿಲಿಗ್ರಾಂ ಗುಂಪಿನಲ್ಲಿ ಶೇ. 37ರಷ್ಟು ಜನರಿಗೆ ಸ್ಪಷ್ಟ ಸುಧಾರಣೆ ಕಂಡಿತು. 1 ಮಿಲಿಗ್ರಾಂನವರಲ್ಲಿ ಶೇ. 18. ಹನ್ನೆರಡು ವಾರಗಳವರೆಗೆ ಸುಧಾರಣೆ ಉಳಿದವರು ಕ್ರಮವಾಗಿ ಶೇ. 20 ಮತ್ತು ಶೇ. 10. ಎಲ್ಲ ಗುಂಪುಗಳಲ್ಲಿಯೂ ಕೆಲವರಿಗೆ ಆತ್ಮಹತ್ಯೆಯ ಯೋಚನೆಗಳು ಬಂದವು. ಇದು ಭರವಸೆ ಕೊಡುವ ಫಲಿತಾಂಶ, ಪವಾಡವಲ್ಲ.

ಆಘಾತೋತ್ತರ ಒತ್ತಡಕ್ಕೆ ಎಂಡಿಎಂಎ ಕೊಟ್ಟ 2021ರ ಅಧ್ಯಯನದಲ್ಲಿ 90 ಮಂದಿಯಿದ್ದರು. ಔಷಧ ಪಡೆದವರಲ್ಲಿ ಶೇ. 67, ಹುಸಿಮದ್ದು ಪಡೆದವರಲ್ಲಿ ಶೇ. 32 ಮಂದಿ ರೋಗದ ಲಕ್ಷಣಗಳಿಂದ ಹೊರಬಂದರು. ಹುಸಿಮದ್ದಿನ ಅಂಕಿಯನ್ನು ಗಮನಿಸಬೇಕು. ಇಬ್ಬರು ಚಿಕಿತ್ಸಕರು ಗಂಟೆಗಟ್ಟಲೆ ಜೊತೆಗೆ ಕುಳಿತು ಕೇಳಿದ್ದರಿಂದಲೇ ಆ ಮೂರನೆಯ ಒಂದು ಭಾಗಕ್ಕೆ ಬಹುಶಃ ನೆರವಾಯಿತು. ಇನ್ನೊಂದು ತೊಡಕೂ ಇದೆ. ಈ ದ್ರವ್ಯ ಪಡೆದವರಿಗೆ ತಾವು ಪಡೆದದ್ದು ಯಾವುದೆಂದು ಸುಲಭವಾಗಿ ತಿಳಿದುಬಿಡುತ್ತದೆ. ಗುಟ್ಟು ಉಳಿಯದ ಪರೀಕ್ಷೆಯಲ್ಲಿ ನಿರೀಕ್ಷೆಯ ಪಾಲೆಷ್ಟು, ದ್ರವ್ಯದ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. 2024ರ ಜೂನ್ 4ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ ಈ ಚಿಕಿತ್ಸೆಯ ಪರಿಣಾಮಕಾರಿತ್ವಕ್ಕೆ ಸಾಕ್ಷ್ಯ ಸಾಲದೆಂದು 9–2 ಮತಗಳಿಂದ ಹೇಳಿತು. ಆಗಸ್ಟ್‌ನಲ್ಲಿ ಸಂಸ್ಥೆ ಒಪ್ಪಿಗೆ ನಿರಾಕರಿಸಿತು. ಹಿಂದಿನ ಹಂತದ ಪರೀಕ್ಷೆಯೊಂದರಲ್ಲಿ ಚಿಕಿತ್ಸಕರೇ ರೋಗಿಯೊಡನೆ ಅನುಚಿತವಾಗಿ ವರ್ತಿಸಿದ ಪ್ರಕರಣವೂ ಚರ್ಚೆಗೆ ಬಂದಿತ್ತು. ಮನಸ್ಸಿನ ಬಾಗಿಲು ತೆರೆದಿರುವವರ ಪಕ್ಕದಲ್ಲಿ ಕೂರುವವರು ಯಾರೆಂಬುದು ಸಣ್ಣ ಪ್ರಶ್ನೆಯಲ್ಲ. ಆಸ್ಟ್ರೇಲಿಯಾವಾದರೋ 2023ರ ಜುಲೈ 1ರಿಂದ ಅಧಿಕೃತ ಮನೋವೈದ್ಯರಿಗೆ ಎರಡೂ ದ್ರವ್ಯಗಳನ್ನು ಸೀಮಿತವಾಗಿ ಬರೆದುಕೊಡಲು ಅನುಮತಿ ನೀಡಿದೆ.

ಮಸ್ಕತ್‌ನ ಮನೆ

ಈ ಪರೀಕ್ಷೆಗಳ ಬಗ್ಗೆ ಡೆನ್ವರ್‌ನಲ್ಲಿ ಕೇಳಿದಾಗ ಒಂದು ಸಂಗತಿ ನನ್ನನ್ನು ಕುಟುಕಿತು. ಪರೀಕ್ಷೆಗೆ ಸೇರಿಸಿಕೊಳ್ಳುವ ಮೊದಲು ರೋಗಿಗೆ ಬೈಪೋಲಾರ್ ವ್ಯಾಧಿ ಅಥವಾ ಸ್ಕಿಜೋಫ್ರೇನಿಯಾ ಇದೆಯೇ, ಹತ್ತಿರದ ರಕ್ತಸಂಬಂಧಿಗಳಲ್ಲಿ ಇತ್ತೇ ಎಂದು ಕೆದಕಿ ಕೇಳುತ್ತಾರೆ. ಇದ್ದರೆ ಸೇರಿಸಿಕೊಳ್ಳುವುದಿಲ್ಲ, ಅಂಥವರಲ್ಲಿ ಈ ದ್ರವ್ಯ ಉನ್ಮಾದವನ್ನೋ ದೀರ್ಘ ಭ್ರಾಂತಿಯನ್ನೋ ಕೆರಳಿಸುವ ಭಯವಿದೆ. ನನ್ನ ಸ್ನೇಹಿತನ ಹೆಂಡತಿಗೆ ನಾನು ಈ ಪ್ರಶ್ನೆ ಕೇಳಿದ್ದೆನೇ? ಕೇಳಿದ್ದೆ. ಗಂಡ ಪಕ್ಕದಲ್ಲಿ ಕುಳಿತಿದ್ದಾಗ, ಒಂದೇ ವಾಕ್ಯದಲ್ಲಿ. ಆಕೆ ಇಲ್ಲವೆಂದಿದ್ದರು.

ಜುಲೈನಲ್ಲಿ ಮರಳಿದ ಮೇಲೆ, ನನ್ನ ಪತ್ನಿ ಮಾತ್ರ ಇದ್ದ ಹೊತ್ತಿನಲ್ಲಿ, ಅವರನ್ನು ಮತ್ತೆ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ನನ್ನ ದೊಡ್ಡಣ್ಣ ಇದ್ದ ಡಾಕ್ಟ್ರೇ. ನಮ್ಮ ಮದುವೆಯ ವೇಳೆಗೆ ಅವನನ್ನು ಬೇರೆ ಊರಿನಲ್ಲಿಟ್ಟಿದ್ದರು. ನಿಮ್ಹಾನ್ಸ್‌ಗೂ ಕರೆದುಕೊಂಡು ಹೋಗಿದ್ದರಂತೆ. ತಿಂಗಳುಗಟ್ಟಲೆ ನಿದ್ದೆ ಮಾಡದೆ ಹಾಡುತ್ತಿದ್ದ, ಆಮೇಲೆ ತಿಂಗಳುಗಟ್ಟಲೆ ಏಳುತ್ತಲೇ ಇರಲಿಲ್ಲ. ಇವರ ಮನೆಯವರಿಗೆ ಹೇಳಿಲ್ಲ. ಈಗ ಮಗಳ ಸಂಬಂಧ ನೋಡುತ್ತಿದ್ದೇವೆ."

ಇನ್ನೂ ಸ್ವಲ್ಪ ಕೇಳಿದಾಗ, ಅವರ ಬದುಕಿನಲ್ಲಿಯೂ ಕೆಲವು ವಾರಗಳು ಹಾಗೆ ಇದ್ದವೆಂದು ತಿಳಿಯಿತು: ಮೂರು ಗಂಟೆಯ ನಿದ್ದೆ, ಮುಗಿಯದ ಮಾತು, ರೂವಿಯ ಅಂಗಡಿಗಳಲ್ಲಿ ಲೆಕ್ಕವಿಲ್ಲದ ಖರೀದಿ. ಹಾಗಿದ್ದರೆ ಅವರದು ಬೈಪೋಲಾರ್ ವ್ಯಾಧಿಯ ಖಿನ್ನತೆ ಇರಬಹುದು. ಸಾಮಾನ್ಯ ಖಿನ್ನತೆಯ ಮಾತ್ರೆ ಅದಕ್ಕೆ ನಾಟದಿರುವುದು ಆಶ್ಚರ್ಯವಲ್ಲ. ಮನೋವೈದ್ಯರಿಗೆ ಹೇಳಲು ಒಪ್ಪಿಗೆ ಕೇಳಿದೆ. ಮಗನಿಗೆ ನಾನು ಹೇಳಲಾರೆ, ಅದು ನಿಮ್ಮ ಮಾತು ಎಂದೂ ಹೇಳಿದೆ. ಒಪ್ಪಲು ಅವರಿಗೆ ಐದು ವಾರ ಬೇಕಾಯಿತು. ಮನೋವೈದ್ಯರು ಔಷಧವನ್ನು ಬದಲಾಯಿಸಿ ಲಿಥಿಯಂ ಆರಂಭಿಸಿದರು.

ಡಿಸೆಂಬರ್‌ನಲ್ಲಿ ಮಗ ಬಂದಾಗ ಅವರು ಗಂಡ, ಮಗ, ಮಗಳನ್ನು ಕೂರಿಸಿಕೊಂಡು ಅಣ್ಣನ ಕಥೆಯನ್ನೆಲ್ಲ ಹೇಳಿದರಂತೆ. ನಾನು ಅಲ್ಲಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಮೂವತ್ತು ವರ್ಷ ಮುಚ್ಚಿಟ್ಟದ್ದಕ್ಕೆ ಗಂಡನಿಗೆ ಸಿಟ್ಟು ಬಂದು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ, ಆ ಅಣ್ಣನ ಫೋಟೋ ಇದೆಯೇ ಎಂದು ಕೇಳಿದರು. ಮಗ ನನ್ನಲ್ಲಿಗೆ ಬಂದು, "ಆ ಕ್ಯಾಪ್ಸೂಲ್ ತಂದಿದ್ದರೆ ಏನಾಗುತ್ತಿತ್ತು ಅಂಕಲ್?" ಎಂದ. ಏನೂ ಆಗದಿರಬಹುದಿತ್ತು, ಉನ್ಮಾದವೂ ಆಗಬಹುದಿತ್ತು ಎಂದೆ. ಈಗಂತೂ ಲಿಥಿಯಂ ಜೊತೆ ಅದು ಸೇರಿದರೆ ಸೆಳವು ಬರುವ ಅಪಾಯವೂ ಇದೆ.

ಆ ತಾಯಿ ಪೂರ್ತಿ ಗುಣವಾದರೆಂದು ಹೇಳಲಾರೆ. ಕೆಟ್ಟ ವಾರಗಳು ಈಗಲೂ ಬರುತ್ತವೆ, ರಕ್ತಪರೀಕ್ಷೆ ತಪ್ಪುವಂತಿಲ್ಲ. ಆದರೆ ಬೆಳಿಗ್ಗೆ ಎದ್ದು ಕಾಫಿ ಮಾಡುತ್ತಾರೆ, ಗುಬ್ರಾದ ಕಡಲದಂಡೆಯಲ್ಲಿ ನಡೆಯುತ್ತಾರೆ. ಮಗಳ ಸಂಬಂಧ ನೋಡಲು ಬಂದವರಿಗೆ ಸೋದರಮಾವನ ವಿಷಯವನ್ನು ಮೊದಲೇ ಹೇಳಿದರು. ಒಂದು ಮನೆಯವರು ಹಿಂದೆ ಸರಿದರು. ಇನ್ನೊಂದು ಮನೆಯವರು ತಮ್ಮ ಚಿಕ್ಕಮ್ಮನ ಕಥೆ ಹೇಳಿದರು.

ಸೈಕೆಡೆಲಿಕ್ ಚಿಕಿತ್ಸೆಗೆ ಮುಂದೊಂದು ದಿನ ಒಪ್ಪಿಗೆ ಸಿಗಬಹುದು. ನಾನು ಅದರ ವಿರೋಧಿಯಲ್ಲ. ಸಂಶೋಧನೆ ನಡೆಯಬೇಕು, ಕಾನೂನಿನೊಳಗೆ, ವೈದ್ಯರ ಕಣ್ಗಾವಲಿನಲ್ಲಿ. ಆದರೆ ಡೆನ್ವರ್‌ನಲ್ಲಿ ನಾನು ಕಂಡ ಒಳ್ಳೆಯದರಲ್ಲಿ ಹೆಚ್ಚಿನ ಪಾಲಿಗೆ ಯಾವ ಪರವಾನಗಿಯೂ ಬೇಡ. ಮನೋವ್ಯಾಧಿಯ ಮಾತನ್ನು ಮನೆಯ ಒಳಗೆ ಆಡುವುದಕ್ಕೆ, ವೈದ್ಯರು ಆ ಪ್ರಶ್ನೆಯನ್ನು ರೋಗಿಯೊಬ್ಬರೇ ಇರುವಾಗ ಸಾವಧಾನವಾಗಿ ಕೇಳುವುದಕ್ಕೆ ಮಸ್ಕತ್‌ನಲ್ಲಿಯೂ ಮೈಸೂರಿನಲ್ಲಿಯೂ ಯಾವ ಅಡ್ಡಿಯೂ ಇಲ್ಲ. ಆ ಹುಡುಗನ ಕರೆ ಬರುವವರೆಗೆ ನಾನೇ ಅದನ್ನು ಮಾಡಿರಲಿಲ್ಲ.